ಸೀಮೆಸುಣ್ಣದ ಕಾರಿನಲ್ಲಿ ನಾಲ್ಕನೇ ಸೀಟು

ಅಲ್ಲ ಮಾರಾಯ, ಕಾರು ಅಂದ್ರೆ ಅದಕ್ಕೆ ಚಕ್ರ ಇರ್ಲೇಬೇಕು ಅಂತ ನಿಂಗೆ ಹೇಳಿದ್ದು ಯಾರು? ಚಕ್ರ ಇಲ್ಲ, ತಗಡಿಲ್ಲ, ಹಾರ್ನಿಲ್ಲ, ಆದ್ರೂ ಕಾರು. ಡೊಂಬಿವಲಿಯಲ್ಲಿ ನಮ್ಮ ಭುಜಂಗ ಮಾಡಿದ್ದು. ನಗಾಡು, ನಗಾಡು. ಅದರ ಬಾನೆಟ್ ಮೇಲೆ ಕಾಗೆ ಬಂದು ಕೂತದ್ದನ್ನು ನಾನು ಈ ಕಣ್ಣಲ್ಲೇ ನೋಡಿದ್ದೇನೆ. ಕಾಗೆ ಕೂತದ್ದು ನೆಲದ ಮೇಲೆ ಅಂತೀಯಾ? ಬಾನೆಟ್ ಇದ್ದದ್ದೇ ನೆಲದ ಮೇಲೆ, ಪಾಪ ಅದು ಮತ್ತೆಲ್ಲಿ ಕೂತ್ಕೊಳ್ಬೇಕು? ಸರಿ, ಮೊದಲಿಂದ ಹೇಳ್ತೇನೆ. ನಡುವೆ ಬಾಯಿ ಹಾಕ್ಬೇಡ.

ಭುಜಂಗ ಅಂದ್ರೆ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಫ್ಯಾಕ್ಟರಿ ಕ್ಯಾಂಟೀನು ನಡೆಸ್ತಿದ್ದವ. ಊರು ಉಡುಪಿ ಹತ್ತಿರ ಹಿರಿಯಡ್ಕ. ಅರ್ಧ ಆಯುಷ್ಯ ಡೊಂಬಿವಲಿಗೂ ಠಾಣೆಗೂ ನಡುವೆ ಲೋಕಲ್ ರೈಲಿನಲ್ಲೇ ಹೋಯ್ತು. ಡ್ರೈವಿಂಗ್ ಬರುದಿಲ್ಲ. ಇಡ್ಲಿ ಬಗ್ಗೆ ಕಾರಿಗೆ ಎಷ್ಟು ಗೊತ್ತೋ, ಕಾರಿನ ಬಗ್ಗೆ ಅವನಿಗೆ ಅಷ್ಟೇ ಗೊತ್ತು. ಅಂಥವ ರಿಟೈರ್ ಆದ್ಮೇಲೆ ಕಾರು ಡಿಸೈನ್ ಮಾಡ್ಲಿಕ್ಕೆ ಹೊರಟ. ಯಾಕೆ? ಹೆಂಡತಿ ಹರಿಣಾಕ್ಷಿಯ ನೆವ ಮುಗಿಸ್ಲಿಕ್ಕೆ.

ಮಗಳು ರಮಿತಾ ಬೇಲಾಪುರದಲ್ಲಿರುದು. ಮೈಸೂರಿನ ಹುಡುಗನನ್ನು ಮದುವೆಯಾಗಿ ಈಗ ತುಂಬು ಬಸುರಿ. ಸೀಮಂತಕ್ಕೆ ತಾಯಿ ಹೋಗ್ಬೇಕು, ಮುಗಿದ ಕೂಡ್ಲೆ ಮಗಳನ್ನು ಕೈಹಿಡಿದು ಮನೆಗೆ ಕರ್ಕೊಂಡು ಬರ್ಬೇಕು, ನಮ್ಮ ಕ್ರಮವೇ ಹಾಗಲ್ವಾ? ಆದ್ರೆ ಹರಿಣಾಕ್ಷಿ ಹೊರಡುದೇ ಇಲ್ಲ. ರಮಿತಾ ಒಮ್ಮೆ ಫೋನಿನಲ್ಲಿ, "ಅಮ್ಮಾ, ಬಾಣಂತನಕ್ಕೆ ಒಬ್ಳು ಕೆಲಸದ ಬಾಯಿಯನ್ನು ಇಟ್ಕೊಳ್ತೇನೆ, ನಿನಗೆ ಯಾಕೆ ತೊಂದ್ರೆ?" ಅಂದುಬಿಟ್ಟಿದ್ಳು. ಅಲ್ಲಿಂದ ಹಿಡಿದು ಅಮ್ಮ ಬೇಲಾಪುರದ ಕಡೆ ತಲೆ ಹಾಕ್ಲಿಲ್ಲ. ಕೋಪ ಬಂದಿದೆ ಅಂತ ಮನೆಯವರೆಲ್ಲ ತೀರ್ಮಾನ ಮಾಡಿದ್ರು. ರಮಿತಾನೂ ಅಪ್ಪನ ಹತ್ರ ಅತ್ತು ಹೇಳಿದ್ಳು: "ಅಮ್ಮ ಬಂದು ಕರೀದೆ ನಾನು ಬರುದಿಲ್ಲಪ್ಪ."

ಭುಜಂಗ ಕೇಳಿದ್ರೆ ಹರಿಣಾಕ್ಷಿ ಕೋಪ ಅಂತ ಒಪ್ಪುದಿಲ್ಲ. ದಿನಕ್ಕೊಂದು ನೆವ. "ಶೈಲೇಶನ ಕಾರು ಬೆಂಕಿಪೆಟ್ಟಿಗೆ, ಅದರಲ್ಲಿ ನಾವೆಲ್ಲ ಹಿಡಿಸುದುಂಟಾ?" ಶೈಲೇಶ ಅಂದ್ರೆ ಮಗ. ಮರುದಿನ, "ಪೆಟ್ರೋಲ್ ವಾಸನೆಗೆ ವಾಂತಿ ಬರ್ತದೆ." ಅದರ ಮರುದಿನ, ಬಾಡಿಗೆಗೆ ದೊಡ್ಡ ಗಾಡಿ ತರುವ ಅಂದ್ರೆ, "ಆ ಎತ್ತರದ ಗಾಡಿ ಹತ್ಲಿಕ್ಕೆ ನಾನೇನು ತೆಂಗಿನಮರ ಹತ್ತುವವಳಾ?" ಆಮೇಲೆ, "ಕಡುಬಿನ ಪಾತ್ರೆ ಎಲ್ಲಿಡುದು?"

ಭುಜಂಗನಿಗೆ ತಲೆ ಕೆಟ್ಟುಹೋಯ್ತು. "ಹೌದಾ? ಹಾಗಾದ್ರೆ ನಿನ್ನ ಎಲ್ಲ ನೆವಕ್ಕೂ ಒಂದೇ ಗಾಡಿ ಮಾಡ್ತೇನೆ ನೋಡು ಮಾರಾಯ್ತಿ!"

ವಾಸನೆ ಬೇಡ್ವಾ, ಕರೆಂಟಿನದ್ದು. ಜಾಗ ಬೇಕಾ, ಉದ್ದದ್ದು. ಎತ್ತರ ಬೇಡ್ವಾ, ತಗ್ಗಿನದ್ದು. ಪಾತ್ರೆಗೆ ಹಿಂದೆ ಕಾರಿನ ಮಾಡಿನ ಕೊನೆವರೆಗೂ ಕೋಣೆ. ಮೊಮ್ಮಗಳು ಅನುಷ್ಕಾ ಮೊಬೈಲಿನಲ್ಲಿ ನೋಡಿ, "ಅಜ್ಜಾ, ಇಸ್ಕೋ ಸ್ಟೇಷನ್ ವ್ಯಾಗನ್ ಬೋಲ್ತೇ ಹೈ" ಅಂದ್ಳು. ಹೆಸರು ಕೂಡ ಸಿಕ್ಕಿತು. ಕಾಗದದಲ್ಲಿ ಬಿಡಿಸಿದ್ರೆ ಅವನಿಗೇ ಅಂದಾಜಾಗುದಿಲ್ಲ. ಅದಕ್ಕೆ ತನ್ನ ಬಿಲ್ಡಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ, ಬಂದವರ ಗಾಡಿಗೆ ಬಿಟ್ಟ ಜಾಗದಲ್ಲಿ, ಸೀಮೆಸುಣ್ಣದಿಂದ ಇಡೀ ಕಾರನ್ನೇ ಬಿಡಿಸಿದ, ನಿಜವಾದ ಅಳತೆಗೆ. ಬ್ಯಾಟರಿ ಎಲ್ಲಿ ಅಂತ ಕೇಳಿದವರಿಗೆ, "ದೋಸೆ ಕಾವಲಿ ಹಾಗೆ ಅಡಿಗೆ ಚಪ್ಪಟೆ ಹಾಸಿದ್ದೇನೆ" ಅಂತಿದ್ದ. ಸುದ್ದಿ ಹೇಗೆ ಹಬ್ಬಿತು ಅಂದ್ರೆ, ಆ ಕಾರು ಇನ್ನೂ ಹುಟ್ಟಿರ್ಲೇ ಇಲ್ಲ, ಡೂಪ್ಲಿಕೇಟ್ ಮಾಲಿನ ಉಲ್ಹಾಸನಗರದಲ್ಲಿ ಅದರ ಸೀಟ್ ಕವರ್ ಮಾರಾಟಕ್ಕೆ ಬಂದಿತ್ತು. ಸುಳ್ಳಾ? ಹೋಗಿ ಕೇಳ್ಕೊಂಡು ಬಾ.

ಭಾನುವಾರ ಬೆಳಿಗ್ಗೆ ಟ್ರಯಲ್. ಡ್ರೈವರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಎಡಗಡೆ ಭುಜಂಗನಿಗೆ ಒಂದು. ಹಿಂದಿನ ಸೀಟಿಗೆ ವಾಚ್‌ಮನ್ನನ ಬೆಂಚು. ಅಷ್ಟರಲ್ಲಿ ಸೊಸೈಟಿ ಸೆಕ್ರೆಟರಿ ಪುಂಡರೀಕಾಕ್ಷ ಇಳಿದು ಬಂದ.

"ಭುಜಂಗಣ್ಣ, ಎಂತ ಇದು? ಇಲ್ಲಿ ಪಾರ್ಕಿಂಗ್ ಮಾಡ್ಲಿಕ್ಕಿಲ್ಲ."

"ಮಾಡಿದ್ದೆಲ್ಲಿ? ಬಿಡಿಸಿದ್ದು ಮಾತ್ರ."

"ಬಿಡಿಸ್ಲಿಕ್ಕೂ ಇಲ್ಲ. ಈಗ್ಲೇ ತೆಗೀಬೇಕು ನೀವು."

"ತೆಗೀತೇನೆ, ಚಾರ್ಜ್ ಆಗ್ಲಿ."

ಪುಂಡರೀಕಾಕ್ಷನನ್ನೂ ಬೆಂಚಿನ ಮೇಲೆ ಕೂರಿಸಿಯಾಯ್ತು, ಅಳಿಯನ ಬದಲಿಗೆ. ರಮಿತಾನ ಬದಲಿಗೆ ಸೊಸೆ ನಿಕಿತಾ, ಮತ್ತೆ ಅನುಷ್ಕಾ. ಮೂವರಿಗೆ ಬೆಂಚು ತುಂಬಿತು.

"ಅಪ್ಪಾ, ಅಮ್ಮನಿಗೆ ಸೀಟೆಲ್ಲಿ?" ಡ್ರೈವರ್ ಕುರ್ಚಿಯಲ್ಲಿದ್ದ ಶೈಲೇಶ ಕೇಳಿದ.

"ನಾಲ್ಕನೇ ಸೀಟುಂಟಲ್ಲ! ಸರೀರಿ, ಸರೀರಿ."

ಲೋಕಲ್ ಹತ್ತುವವರಿಗೆ ಇದನ್ನು ವಿವರಿಸುದೇ ಬೇಡ. ಮೂವರ ಸೀಟಿನಲ್ಲಿ ನಾಲ್ವರು. ನಾಲ್ಕನೆಯವರ ಅರ್ಧ ಸೀಟಿನ ಮೇಲೆ, ಇನ್ನರ್ಧ ಗಾಳಿಯಲ್ಲಿ, ಒಂದು ಕಾಲು ನಡೆದಾಡುವ ದಾರಿಗೆ. ಅದೇ ಲೆಕ್ಕದಲ್ಲಿ ಭುಜಂಗ ಕಾರಿಗೂ ಅಳತೆ ಹಾಕಿದ್ದ. ರೈಲಿಗೆ ನಡುವೆ ದಾರಿ ಇರ್ತದೆ, ಕಾರಿಗೆ ಬಾಗಿಲಿರ್ತದೆ ಅಂತ ಅವನ ತಲೆಗೇ ಬರ್ಲಿಲ್ಲ.

ಹರಿಣಾಕ್ಷಿ ಬಂದ್ಳು. ಸೆರಗು ಸರಿ ಮಾಡ್ಕೊಂಡು ಬೆಂಚಿನ ಎಡತುದಿಯಲ್ಲಿ ಕೂತ್ಳು. ಎಡಗಾಲು ಸೀದಾ ಸೀಮೆಸುಣ್ಣದ ಗೆರೆ ದಾಟಿ ಹೊರಗೆ.

"ಅಜ್ಜೀ, ಪಾವ್ ಅಂದರ್! ದರ್ವಾಜಾ ಬಂದ್ ಕರ್ನಾ ಹೈ," ಅನುಷ್ಕಾ ನಗಾಡಿದ್ಳು, ಬಾಗಿಲು ಹಾಕ್ಲಿಕ್ಕುಂಟಂತೆ.

ಹರಿಣಾಕ್ಷಿ ಕಾಲು ಎಳ್ಕೊಳ್ಳಿಕ್ಕೆ ನೋಡಿದ್ಳು. ಬರ್ಲಿಲ್ಲ. ಪುಂಡರೀಕಾಕ್ಷ ಇನ್ನಷ್ಟು ಸರಿದು ಜಾಗ ಬಿಟ್ಟ. ಆದ್ರೂ ಕಾಲು ಹೊರಗೇ. ಭುಜಂಗ ಕುರ್ಚಿಯಲ್ಲಿ ತಿರುಗಿ ಕೂತ. ಹೆಂಡತಿಯ ಮುಖದಲ್ಲಿ ಸಣ್ಣಗೆ ಬೆವರು.

"ಒಳಗೆ ತಗೊ ಹರಿಣಾ."

"ಮಡಚುದಿಲ್ಲ ಅದು," ಅಂದ್ಳು ಅವಳು.

"ಎಂತ ಮಡಚುದಿಲ್ಲ?"

"ಮಂಡಿ. ಆ ಫೋನ್ ಬಂದ ಹೊತ್ತಿಗೇ ಬಾತ್‌ರೂಮಿನಲ್ಲಿ ಜಾರಿದ್ದೆ. ಹೇಳ್ಲಿಲ್ಲ ನಾನು."

ಶೈಲೇಶ ಡ್ರೈವರ್ ಕುರ್ಚಿಯಿಂದ ಎದ್ದು ಬಂದ. "ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಏನು ಮಾಡ್ತಿದ್ರಿ? ಕಾಲೇ ಬರುದಿಲ್ಲ, ನೀನು ಎಂಥ ಬಾಣಂತನ ಮಾಡ್ತೀಯಾ ಅಂತ ರಮಿತಾನಿಗೆ ಆ ಬಾಯಿಯನ್ನೇ ಗೊತ್ತು ಮಾಡ್ತಿದ್ರಿ. ಬೇಲಾಪುರಕ್ಕೆ ಹೋದ್ರೆ ಅವಳು ನೋಡಿದ ಕೂಡ್ಲೆ ಕಂಡುಹಿಡೀತಾಳೆ. ನಿಮ್ಮ ಹಾಗಲ್ಲ ಅವಳು."

ಭುಜಂಗನಿಗೆ ಆಗ ಒಂದೊಂದೇ ನೆನಪಾಯ್ತು. ಸೋಫಾದಲ್ಲಿ ತುದಿಗೆ, ಮಂಚದಲ್ಲಿ ತುದಿಗೆ, ಊಟದ ಮೇಜಿನ ಹತ್ರ ಕುರ್ಚಿಯ ತುದಿಗೆ. ಯಾರೂ ಏನೂ ಕೇಳಿರ್ಲಿಲ್ಲ, ಯಾಕಂದ್ರೆ ಅವಳು ಕೂತ್ಕೊಳ್ಳುದು ಯಾವಾಗ್ಲೂ ತುದಿಯಲ್ಲೇ. ಕಾರಿನಲ್ಲೂ ತಾನು ಅವಳಿಗೆ ತುದಿಯನ್ನೇ ಇಟ್ಟದ್ದು. ಆದ್ರೆ ಅದರ ಹಿಂದೆಯೇ, ನಂಬ್ತೀಯೋ ಬಿಡ್ತೀಯೋ, ಎದೆಯಿಂದ ಅರೆಯುವ ಕಲ್ಲು ಇಳಿಸಿಟ್ಟಷ್ಟು ಹಗುರ.

"ಹಾಗಾದ್ರೆ ಕೋಪ ಇಲ್ವಾ ನಿನಗೆ?"

"ಯಾರ ಮೇಲೆ? ಬಸುರಿ ಹುಡುಗಿ ಮೇಲಾ? ಹುಚ್ಚಾ ನಿಮಗೆ?"

ಭುಜಂಗ ನಗಾಡ್ಲಿಕ್ಕೆ ಶುರು ಮಾಡಿದವ ನಿಲ್ಲಿಸ್ಲೇ ಇಲ್ಲ. ತನ್ನ ಕುರ್ಚಿ ಎತ್ತಿಟ್ಟು, ಒದ್ದೆ ಬಟ್ಟೆ ತಂದು ಎದುರಿನ ಎಡಗಡೆಯ ಆ ಸೀಟಿನ ಗೆರೆಯನ್ನೇ ಉಜ್ಜಿ ಹಾಕಿದ. "ಇಗೋ, ಕಾಲು ಚಾಚು. ಕರೆಂಟಿನ ಗಾಡಿ, ನೆಲ ಹಲಗೆ ಹಾಗೆ ಸಪಾಟು, ಬಾನೆಟ್‌ವರೆಗೂ ನಿನ್ನದೇ."

"ಮತ್ತೆ ನೀವೆಲ್ಲಿ?"

"ನಾನು ಹಿಂದೆ, ಕಡುಬಿನ ಪಾತ್ರೆ ಒಳಗೆ."

ಪುಂಡರೀಕಾಕ್ಷ ಎದ್ದು ಜಾಗ ಬಿಟ್ಟ. ಹರಿಣಾಕ್ಷಿ ಈ ಸಲ ತುದಿ ಬಿಟ್ಟು ಒಳಗೆ ಸರಿದು, ಸೀಟು ತುಂಬ ಕೂತು ಕಾಲು ಚಾಚಿದ್ಳು. "ಹಾಂ, ಈಗ ಬೇಕಾದ್ರೆ ಮಂಗಳೂರಿಗೂ ಹೋಗ್ಬಹುದು," ಅಂದ್ಳು. ಪುಂಡರೀಕಾಕ್ಷ ಆ ವಾರದ ಮಟ್ಟಿಗೆ ಕಾರು ನಿಲ್ಲಿಸ್ಲಿಕ್ಕೆ ಪರ್ಮಿಷನ್ ಕೊಟ್ಟ. ಬಾಯಲ್ಲೇ ಕೊಟ್ಟ, ರಸೀದಿ ಇಲ್ಲ.

ಮರುದಿನ ಕಲ್ಯಾಣದ ಡಾಕ್ಟರಿಗೆ ತೋರಿಸಿದ್ರು. ಮೂಳೆಗೆ ಏನೂ ಆಗಿಲ್ಲ, ಬಿಗಿದುಕೊಂಡಿದೆ ಅಷ್ಟೇ, ವ್ಯಾಯಾಮ ಮಾಡಿದ್ರೆ ಸಡಿಲಾಗ್ತದೆ, ಬಾಣಂತನಕ್ಕೆ ಅಡ್ಡಿಯಿಲ್ಲ ಅಂದ್ರು. ರಮಿತಾನಿಗೆ ಫೋನ್ ಹೋಯ್ತು. ಅವಳು ಆ ಕಡೆಯಿಂದ, "ಬರೀ ಮಂಡಿಯಾ? ಅಯ್ಯೋ, ಬರೀ ಮಂಡಿಯಾ ಅಮ್ಮಾ?" ಅಂತ ಅಳುದೋ ನಗುದೋ ಗೊತ್ತಾಗದ ಹಾಗೆ ಹೇಳಿದ್ಳು. ಆಮೇಲೆ ಚೆನ್ನಾಗಿ ಬೈದ್ಳು. ಆ ಕೆಲಸದ ಬಾಯಿಯ ಮಾತನ್ನು ಮತ್ತೆ ಎತ್ತಲೇ ಇಲ್ಲ.

ಸೀಮಂತಕ್ಕೆ ಸೀಮೆಸುಣ್ಣದ ಕಾರಿನಲ್ಲೇ ಹೋದ್ರು ಅಂತ ಹೇಳಿದ್ರೆ ನೀನು ನಂಬ್ಲಿಕ್ಕಿಲ್ಲ, ಅದಕ್ಕೆ ನಿಜವನ್ನೇ ಹೇಳ್ತೇನೆ. ಕರೆಂಟಿನ ಒಂದು ಟ್ಯಾಕ್ಸಿ ಮಾಡಿದ್ರು. ಎದುರಿನ ಸೀಟು ಪೂರ್ತಿ ಹಿಂದೆ ತಳ್ಳಿ ಹರಿಣಾಕ್ಷಿಯನ್ನು ಕೂರಿಸಿದ್ರು, ಕಾಲು ಚಾಚಿ, ಮಹಾರಾಣಿ ಹಾಗೆ. ಉಳಿದವರು, ಪಾತ್ರೆಗಳು, ಎಲ್ಲ ಶೈಲೇಶನ ಬೆಂಕಿಪೆಟ್ಟಿಗೆಯಲ್ಲಿ. ಬೇಲಾಪುರದಲ್ಲಿ ರಮಿತಾ ಗೇಟಿನವರೆಗೆ ಬಂದು ಇಳಿಯುವ ಅಮ್ಮನ ಕೈ ಹಿಡಿದ್ಳು. ಒಬ್ಬಳಿಗೆ ಹೊಟ್ಟೆ, ಒಬ್ಬಳಿಗೆ ಕಾಲು. ಯಾರು ಯಾರನ್ನು ಇಳಿಸಿದ್ದು ಅಂತ ಈಗ್ಲೂ ಜಗಳ ಉಂಟು.

ವಾಪಸ್ ಬರುವಾಗ ಆ ಉದ್ದ ಕಾಲಿನ ಸೀಟಿಗೆ, "ನೀನು ಕೂತ್ಕೊ ಮಗಾ," "ಬೇಡಮ್ಮ, ನೀನೇ," ಅಂತ ಎಷ್ಟು ಹೊತ್ತು ನಡೀತು ಅಂದ್ರೆ, ಟ್ಯಾಕ್ಸಿಯವ ಚಹಾ ಕುಡಿದು, ಗಡ್ಡ ತೆಗೆಸಿಕೊಂಡು, ತಮ್ಮನ ಮದುವೆ ಮಾತುಕತೆ ಮುಗಿಸಿಯೇ ಬಂದ. ಕಡೆಗೆ ಅಮ್ಮ ಮುಂದೆ, ಮಗಳು ಹಿಂದೆ ದಿಂಬಿಗೆ ಒರಗಿ. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಎರಡು ಗಾಡಿ ಪಕ್ಕಪಕ್ಕ ನಿಂತವು. ಪಾತ್ರೆಗಳ ನಡುವಿಂದ ಭುಜಂಗ ಬಗ್ಗಿ ನೋಡಿದ. ತಾಯಿ, ಮಗಳು, ಇಬ್ಬರೂ ಬಾಯಿ ತೆರೆದು ಗೊರಕೆ. "ಶೈಲೇಶಾ, ಓವರ್‌ಟೇಕ್ ಮಾಡ್ಬೇಡ," ಅಂದ, "ಹೀಗೇ ಪಕ್ಕದಲ್ಲೇ ಹೋಗುವ." ಅವತ್ತು ಅಲ್ಲಿ ಟ್ರಾಫಿಕ್ ಎಷ್ಟಿತ್ತು ಅಂದ್ರೆ, ಒಬ್ಬ ಬೈಕಿನವ ಹೆಲ್ಮೆಟ್ಟಿನಲ್ಲಿ ಅನ್ನಕ್ಕಿಟ್ಟು...

ಹಾಂ? ಬಂದೆ ಸುಲೋಚನಾ, ಬಂದೆ! ಬಡಿಸಿ ಆಯ್ತಂತೆ. ಏಳು ಮಾರಾಯ, ಕೈ ತೊಳಿ, ಸಾರು ತಣಿದ್ರೆ ಹೆಂಡತಿ ನನ್ನನ್ನು ಬಿಡುದಿಲ್ಲ.