ಗಿರಿಜಾಳ ತೊಟ್ಟಿಲು

ಕಳೆದ ವಾರ ಬಾಗಲಕೋಟೆಯ ಪೇಟೆಯಲ್ಲಿ ಒಂದು ಫರ್ನಿಚರ್ ಅಂಗಡಿಯ ಮುಂದೆ ನಿಂತುಬಿಟ್ಟೆ. ಒಳಗೆ ಯಾರೋ ಸಾಗವಾನಿ ಕೊಯ್ಯುತ್ತಿದ್ದರು. ಒಂಚೂರು ಎಣ್ಣೆ, ಒಂಚೂರು ಹಳೆಯ ಚರ್ಮ ಸೇರಿದಂಥ ಆ ವಾಸನೆ ನನ್ನನ್ನು ಮುಂದೆ ಬಿಡಲಿಲ್ಲ. ನಾನು ಸೋಫಾ ನೋಡುತ್ತಿದ್ದೇನೆಂದು ತಿಳಿದ ಹೆಂಡತಿ, "ನಡೀರಿ, ಇದ್ದದ್ದನ್ನ ಇಡಾಕ ಜಾಗಾ ಇಲ್ಲ" ಎಂದು ತೋಳು ಜಗ್ಗಿದಳು. ನನಗೆ ನೆನಪಾಗಿದ್ದು ಹುನಗುಂದದಲ್ಲಿರುವ ನನ್ನ ಅಕ್ಕ.

ಅಕ್ಕ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ನಿವೃತ್ತಿಯಾದ ಮೇಲೆ ಓರಗೆಯವರೆಲ್ಲ ಭಜನೆಗೆ, ಬನಶಂಕರಿಗೆ ಎಂದು ಹೊರಟರೆ ಇವಳು ಒಂದು ಸಣ್ಣ ಲೇತ್ ಯಂತ್ರ ತರಿಸಿ ಹಿತ್ತಲ ಪಡಸಾಲೆಯಲ್ಲಿ ಹೂಡಿದಳು. ತಿರುಗುವ ಕಟ್ಟಿಗೆಗೆ ಉಳಿ ಹಿಡಿದು ದುಂಡಗೆ ಕಡೆಯುವ ಕೆಲಸ. ಮಾರುವುದಕ್ಕಲ್ಲ, ತನ್ನ ಖುಷಿಗೆ. ಮೊದಲು ನಮಗೊಂದು ಲಟ್ಟಣಿಗೆ ಮಾಡಿಕೊಟ್ಟಳು. ಅದರಲ್ಲಿ ಲಟ್ಟಿಸಿದ ಚಪಾತಿ ಒಂದು ಕಡೆ ಹಪ್ಪಳ, ಇನ್ನೊಂದು ಕಡೆ ರೊಟ್ಟಿ. ನಾನು ಹೊಗಳುತ್ತಲೇ ತಿಂದೆ. ಹೊಗಳುವುದರಲ್ಲಿ ನಾನು ಎಂದೂ ಜಿಪುಣನಲ್ಲ. ಅಕ್ಕ ಮಾತ್ರ ಚಪಾತಿಯನ್ನು ಬೆಳಕಿಗೆ ಹಿಡಿದು ನೋಡಿ, ಲಟ್ಟಣಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಅದು ಅವಳ ನೀರೊಲೆ ಸೇರಿತು.

ಹಾಗೆ ಎಷ್ಟೋ ಬಟ್ಟಲು, ಬುಗುರಿ, ಕುಂಕುಮದ ಭರಣಿ ಉರಿದುಹೋದವು. ನಾವು ಆಹಾ ಎನ್ನುವಷ್ಟರಲ್ಲಿ ಅವಳ ಬೆರಳು ಎಲ್ಲೋ ಒಂದು ತಗ್ಗು ಹುಡುಕಿರುತ್ತಿತ್ತು. "ಯಾರಿಗೂ ಕಾಣೂದಿಲ್ಲ ಬಿಡಕ್ಕಾ" ಎಂದರೆ, "ನನಗ ಗೊತ್ತಾತಲ್ಲ" ಎನ್ನುತ್ತಿದ್ದಳು. ಬರಬರುತ್ತ ಒಲೆಗೆ ಹೋಗುವುದು ಕಡಿಮೆಯಾಯಿತು.

ಅವಳ ಒಬ್ಬಳೇ ಮಗಳು ಗಿರಿಜಾ. ಇಳಕಲ್ಲಿಗೆ ಕೊಟ್ಟವಳು, ಮದುವೆಯಾಗಿ ಬಹಳ ವರ್ಷಕ್ಕೆ ಬಸುರಾದಳು. ಅಕ್ಕ ಸಾಗವಾನಿ ತರಿಸಿ ತೊಟ್ಟಿಲಿಗೆ ಕೈಹಾಕಿದಳು. ಸುತ್ತ ನಿಲ್ಲುವ ಸಣ್ಣ ಕಂಬಗಳೆಲ್ಲ ಒಂದೇ ಅಚ್ಚಿನಲ್ಲಿ ಎರೆದಂತಿರಬೇಕು. ಹೆರಿಗೆಗೆಂದು ಬಂದ ಗಿರಿಜಾ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ತಾಯಿಯನ್ನು ಕಾಡುತ್ತಿದ್ದಳು.

"ಯವ್ವಾ, ಕೂಸು ಸಾಲಿಗೆ ಹೋಗೂದ್ರಾಗರ ಮುಗಿಸ್ತೀ ಇಲ್ಲೋ?"

"ಅವಸರಾ ಮಾಡಬ್ಯಾಡ. ಕೂಸು ಹಿಡಕೊಂಡು ಏಳೂವಾಗ ಕೈಗೆ ನುಣ್ಣಗ ಹತ್ತಬೇಕು."

ಹೆಣ್ಣು ಕೂಸು ಹುಟ್ಟಿತು, ಅಳಲಿಲ್ಲ. ದವಾಖಾನೆಯಿಂದ ಬರಿಗೈಯಲ್ಲಿ ಮರಳಿದೆವು.

ಕೆಲವು ದಿನಗಳ ಮೇಲೆ ಹೋದಾಗ ಹಿತ್ತಲಿನಿಂದ ಲೇತಿನ ಸದ್ದು ಬರುತ್ತಿತ್ತು. ಒಳಕೋಣೆಯಲ್ಲಿ ಗಿರಿಜಾ ಕಿವಿಯ ಮೇಲೆ ದಿಂಬು ಒತ್ತಿಕೊಂಡು ಮಲಗಿದ್ದಳು.

"ಅಕ್ಕಾ, ಈಗ ಯಾರಿಗೆ ಇದು?" ಎಂದೆ.

ಅವಳು ತಲೆ ಎತ್ತಲಿಲ್ಲ. "ಕೈ ನಿಂತ್ರ ನಾ ಉಳಿಯೂದಿಲ್ಲೋ ತಮ್ಮಾ."

ಅಷ್ಟರಲ್ಲಿ ಗಿರಿಜಾ ಬಾಗಿಲಿಗೆ ಬಂದು, "ಯವ್ವಾ, ಬಂದ್ ಮಾಡ ಅದನ್ನ" ಎಂದಳು. ಸದ್ದು ನಿಂತಿತು. ಆದರೆ ಮರುದಿನವೇ ಅವಳು ಇಳಕಲ್ಲಿಗೆ ಹೊರಟುಹೋದಳು. ತಿಂಗಳುಗಟ್ಟಲೆ ತವರಿಗೆ ಬರಲಿಲ್ಲ, ಫೋನಿಗೂ ಗಂಡನೇ ಸಿಗುತ್ತಿದ್ದ.

ಅಕ್ಕ ತೊಟ್ಟಿಲು ಮುಗಿಸಿದಳು. ಅಂಥ ಕೆಲಸ ನಾನು ಇನ್ನೆಲ್ಲೂ ನೋಡಿಲ್ಲ. ಯಾವ ಕಂಬ ಮೊದಲಿನದು, ಯಾವುದು ಕೂಸು ಹೋದ ಮೇಲಿನದು ಎಂದು ಹೇಳಲಾಗದು. ಯಾರಾದರೂ ಬಳಸಲಿ ಎಂದು ಗುಡೂರಿನ ಗೆಳತಿಗೆ, ಓಣಿಯ ಬಸುರಿಯರ ಮನೆಗಳಿಗೆ ಹೇಳಿಕಳಿಸಿದಳು. ಬಂದವರು ಕೈಯಾಡಿಸಿದರು, ಚಹಾ ಕುಡಿದರು. "ಭಾಳ ಛಲೋ ಆಗೇತ್ರಿ ಟೀಚರ್, ಮನ್ಯಾಗ ಕೇಳಿ ಹೇಳ್ತೇವಿ" ಅಂದರು. ಯಾರೂ ಮತ್ತೆ ಬರಲಿಲ್ಲ. ಯಾಕೆಂದು ಯಾರೂ ಬಾಯಿಬಿಡಲಿಲ್ಲ. ನಿಮಗೂ ಬಿಡಿಸಿ ಹೇಳಬೇಕಿಲ್ಲ. ಅಕ್ಕ ಅದರ ಮೇಲೊಂದು ದುಪ್ಪಟಿ ಹೊದಿಸಿದಳು. ಆಮೇಲೆ ಲೇತಿಗೆ ಕೈಹಚ್ಚಲಿಲ್ಲ.

ಅವತ್ತು ಬಾಗಲಕೋಟೆಯಿಂದ ಹೆಂಡತಿಯನ್ನು ಊರಿಗೆ ಕಳಿಸಿ ನಾನು ಹುನಗುಂದದಲ್ಲಿ ಇಳಿದೆ. ಅಕ್ಕನ ಮನೆಯ ಮುಂದೆ ಟೆಂಪೋ ನಿಂತಿತ್ತು. ತೊಟ್ಟಿಲು ಬಿಚ್ಚಿಹಾಕಲು ಅಕ್ಕ ಬಡಿಗನಿಗೆ ಹೇಳಿದ್ದಳಂತೆ. ಸುದ್ದಿ ತಿಳಿದು ಗಿರಿಜಾ ಇಳಕಲ್ಲಿನಿಂದ ಆ ಟೆಂಪೋ ಮಾಡಿಕೊಂಡು ಓಡಿಬಂದಿದ್ದಳು.

"ಇದನ್ನ ನಾ ಒಯ್ತೇನಿ" ಎನ್ನುತ್ತಿದ್ದಳು.

"ಒಯ್ದು ಏನ್ ಮಾಡ್ತೀಯವಾ? ನೋಡಿದಾಗೊಮ್ಮೆ ಸಂಕಟ."

"ಸಂಕಟ ಇಲ್ಲಂತ ಯಾರಂದ್ರು? ನನ್ನ ಮಗಳದು ಅಂತ ಇರೂದು ಇದೊಂದ ಐತಿ, ಯವ್ವಾ. ಅದನ್ನೂ ಬಿಚ್ಚಸ್ತೀಯೇನ?"

ಅಕ್ಕ ಅಲ್ಲೇ ಪಡಸಾಲೆಯ ಕಟ್ಟೆಯ ಮೇಲೆ ಕುಸಿದಳು. ಕೂಸು ಹೋದಾಗ ಅಳದಿದ್ದವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಗಿರಿಜಾ ಅವಳ ಪಕ್ಕ ಕೂತಳು. ನಾನು ಟೆಂಪೋದವನ ಜೊತೆ ಹಗ್ಗ ಹುಡುಕುವ ನೆವ ಮಾಡಿಕೊಂಡು ಹೊರಗೆ ನಿಂತೆ.

ಗಿರಿಜಾ ಮುಂದಿನ ಸೀಟಿನಲ್ಲಿ ಕೂರಲೊಲ್ಲದೆ ಹಿಂದೆಯೇ ಹತ್ತಿದಳು, ಅವಳ ಜೊತೆ ನಾನೂ. ತೊಟ್ಟಿಲ ಚೌಕಟ್ಟನ್ನು ಬಿಗಿದು ಕಟ್ಟಿದ್ದರೂ ರಸ್ತೆಯ ಪ್ರತಿ ಕುಲುಕಿಗೂ ಅದರಲ್ಲಿ ನೇತಾಡುವ ತೊಟ್ಟಿಲು ತೂಗಲು ಹೊರಡುತ್ತಿತ್ತು. ಗಿರಿಜಾ ಕೈಚಾಚಿ ಹಿಡಿದು ನಿಲ್ಲಿಸುತ್ತಿದ್ದಳು. ಇಳಕಲ್ಲು ಹತ್ತಿರ ಬಂದಾಗ ಕೈಸೋತು ಬಿಟ್ಟಳು. ಖಾಲಿ ತೊಟ್ಟಿಲು ಒಂದಿಷ್ಟೂ ಸದ್ದಿಲ್ಲದೆ ತೂಗತೊಡಗಿತು. ನಾವಿಬ್ಬರೂ ತಡೆಯಲಿಲ್ಲ.