ಕನ್ನಡದ ಚೀಟಿ

ಗಡಿನಾಡಿನ ನಾಯ್ಮಾರ್ಮೂಲೆಯ ಪೇಟೆಯಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ನಾವು ಐದು ಜನ, ಹಾಸಿಗೆ ಹಿಡಿದವರ ಮನೆಗೆ ಹೋಗಿ ಆರೈಕೆ ಮಾಡುವ ನರ್ಸುಗಳಿಗಾಗಿ ಒಂದು ಆ್ಯಪ್ ಮಾಡುತ್ತಿದ್ದೆವು. ಆಗಲೇ ಬಳಕೆಯಲ್ಲಿದ್ದ ಅದು, ನರ್ಸ್ ಯಾವಾಗ ಬರುತ್ತಾರೆಂದು ರೋಗಿಗಳ ಫೋನಿಗೂ ಸಂದೇಶ ಕಳಿಸುತ್ತಿತ್ತು. ಮಾಡಿದ್ದು ಸರಿಯಿದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ.

ಕೆಲಸವನ್ನು ಎರಡೆರಡು ವಾರದ ಸ್ಪ್ರಿಂಟುಗಳಾಗಿ ಹಂಚಿಕೊಂಡಿದ್ದೆವು. ಆಗಬೇಕಾದುದನ್ನೆಲ್ಲ ಹಳದಿ ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದೆವು. ಪ್ರತಿ ಸ್ಪ್ರಿಂಟಿನ ಮೊದಲ ದಿನ ಯಾವ ಚೀಟಿ ಎತ್ತಿಕೊಳ್ಳಬೇಕೆಂಬ ಚರ್ಚೆ. ಕೊನೆಯ ಮಾತು ಮಾತ್ರ ಎರ್ನಾಕುಳಂನಲ್ಲಿದ್ದ, ನಮಗೆ ಈ ಕೆಲಸ ಕೊಟ್ಟ ಸಂಸ್ಥೆಯ ಪ್ರಾಡಕ್ಟ್ ಓನರರದು. ಅವರನ್ನು ನಾವು ನೋಡಿದ್ದು ಪರದೆಯ ಮೇಲಷ್ಟೆ.

ಒಂದು ದಿನ ನಾನು ಮೊಗ್ರಾಲಿನಲ್ಲಿ ನರ್ಸೊಬ್ಬರ ಜೊತೆ ಮನೆಗಳಿಗೆ ಹೋದೆ. ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ್ದ ಟೈಲರೊಬ್ಬರು ಹಾಸಿಗೆಯಲ್ಲೇ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಅವರ ಮೂತ್ರದ ಟ್ಯೂಬು ಬದಲಿಸಿ ಕೈ ತೊಳೆಯುತ್ತ ನರ್ಸ್ ಹೇಳಿದರು:

"ನಿಮ್ಮ ಮೆಸೇಜು ಎಲ್ಲ ಮಲಯಾಳದಲ್ಲಿ ಬರುದು. ಇವರು ಕಲಿತದ್ದು ಕನ್ನಡ ಶಾಲೆಯಲ್ಲಿ. ಹೀಗೆ ಓದ್ಲಿಕ್ಕೆ ಬಾರದವರು ತುಂಬಾ ಜನ ಉಂಟು."

ಮರುದಿನವೇ 'ಸಂದೇಶ ಕನ್ನಡದಲ್ಲೂ ಹೋಗಬೇಕು' ಎಂದು ಚೀಟಿ ಬರೆದು ಅಂಟಿಸಿದೆ. ಪ್ರಾಡಕ್ಟ್ ಓನರ್ ಒಳ್ಳೆಯ ಸಲಹೆ ಎಂದರು. ಮುಂದಿನ ಸ್ಪ್ರಿಂಟಿನಲ್ಲಿ ನೋಡೋಣ ಎಂದರು. ಮುಂದಿನದರಲ್ಲಿ ಬಣ್ಣಬಣ್ಣದ ವರದಿಗಳು ಬಂದವು, ಅದರ ಮುಂದಿನದರಲ್ಲಿ ಹೊಸ ಲಾಗಿನ್. ನಾಲ್ಕು ಸ್ಪ್ರಿಂಟು ಕಳೆಯಿತು. ನಾನೂ ಪ್ರತಿಸಲ ಒಮ್ಮೆ ನೆನಪಿಸಿ ಸುಮ್ಮನಾಗುತ್ತಿದ್ದೆ.

ಐದನೆಯದರ ನಡುವೆ ಆ ನರ್ಸ್ ಫೋನ್ ಮಾಡಿದರು. ಅವರು ರಜೆಯಲ್ಲಿದ್ದಾಗ, ಈ ವಾರ ಯಾರೂ ಬರುವುದಿಲ್ಲ, ಟ್ಯೂಬು ಬದಲಿಸಲು ಆಸ್ಪತ್ರೆಗೇ ಬನ್ನಿ ಎಂಬ ಸಂದೇಶ ಆ್ಯಪಿನಿಂದ ತಾನಾಗಿ ಹೋಗಿತ್ತು. ಟೈಲರ್ ಮನೆಯಲ್ಲೇ ಕಾದಿದ್ದರು. ಟ್ಯೂಬು ಕಟ್ಟಿಕೊಂಡು, ಜ್ವರ ಏರಿ, ನಂಜಾಗಿ ಅವರನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದಿದ್ದರು.

ಅವರು ಮನೆಗೆ ಬಂದ ಮೇಲೆ ನೋಡಲು ಹೋದೆ. ಗೋಡೆಗೆ ಒರಗಿಸಿದರೂ ಕೂರಲಾಗುತ್ತಿರಲಿಲ್ಲ.

"ನರ್ಸ್ ಬರ್ತಾರೆ ಅಂತಲೇ ಬರೆದದ್ದು ಅಂತ ಗ್ರಹಿಸಿದೆ ನಾನು," ಎಂದರು. "ಬರುದಿಲ್ಲ ಅಂತಾದ್ರೆ ಅಷ್ಟು ಉದ್ದ ಬರೆಯುದು ಎಂತಕ್ಕೆ?"



ಸ್ಪ್ರಿಂಟ್ ಮುಗಿದ ದಿನ, ಏನು ಸರಿಯಾಯಿತು, ಏನು ತಪ್ಪಿತು ಎಂದು ಮಾತಾಡುವ ಸಭೆಯಲ್ಲಿ ಇದನ್ನು ಹೇಳಿದೆ. ಕೂಡಲೇ ಕನ್ನಡ ಸೇರಿಸಿ ಎಂದರು ಪ್ರಾಡಕ್ಟ್ ಓನರ್. ನಾನೇ ಕೂತು ಸಂದೇಶಗಳನ್ನೆಲ್ಲ ಕನ್ನಡಕ್ಕೆ ತಂದೆ. ಬಾಕಿ ಕೆಲಸ ಮುಗಿಯಲು ಮೂರೇ ದಿನ ಹಿಡಿಯಿತು. ಅಷ್ಟು ವಾರ ಗೋಡೆಯ ಮೇಲಿದ್ದ ಆ ಚೀಟಿಯನ್ನು ನಾನೇ ಕಿತ್ತು ತೆಗೆದೆ.

ಆದರೆ ಆ ಆವೃತ್ತಿ ಯಾರ ಫೋನಿಗೂ ಹೋಗಲಿಲ್ಲ. ಕೆಲಸ ಕೊಟ್ಟ ಸಂಸ್ಥೆ ಕಾರಣ ಹೇಳದೆ ಯೋಜನೆಯನ್ನೇ ನಿಲ್ಲಿಸಿತು. ಹಳೆಯ ಆ್ಯಪ್ ಇದ್ದ ಹಾಗೆಯೇ ನಡೆಯುತ್ತದೆ ಎಂದು ಎರಡು ಸಾಲಿನ ಮೇಲ್ ಬಂತು. ನರ್ಸಿಗೆ ಫೋನಿನಲ್ಲಿ ತಿಳಿಸಿದೆ. "ಆಯ್ತು ಮಾರಾಯ್ತಿ, ನೀವಾದರೂ ಎಂತ ಮಾಡುದು," ಎಂದರು. ಟೈಲರ್ ತೀರಿಕೊಂಡ ಸುದ್ದಿಯನ್ನು ಅದೇ ಫೋನಿನಲ್ಲಿ ಹೇಳಿದರು.

ಈಗ ಮಂಗಳೂರಿನ ಒಂದು ಕಂಪೆನಿಯಲ್ಲಿದ್ದೇನೆ. ಬೆಳಿಗ್ಗೆ ಮಂಜೇಶ್ವರದಿಂದ ಬಸ್ಸು. ಈ ಕಂಪೆನಿಯಲ್ಲಿಯೂ ಸ್ಪ್ರಿಂಟುಗಳಿವೆ. ಯಾವ ಕೆಲಸ ಮೊದಲು ಎಂದು ಕೇಳಿದಾಗ ನನ್ನದೆಂದು ಚೀಟಿ ಬರೆಯುವುದಿಲ್ಲ, ಉಳಿದವರು ಹೇಳಿದ್ದಕ್ಕೆ ನಾನೂ ತಲೆಯಾಡಿಸುತ್ತೇನೆ.