ಬೆಲ್ಲ ನೋಡಿದ ಸೈನ್ಯ

ಈ ಸಂಗತಿಯನ್ನು ಬರೆಯಬೇಕೆಂದು ಯುಗಾದಿಯ ಹೊತ್ತಿಗೇ ಹಾಳೆ ತಂದಿಟ್ಟುಕೊಂಡಿದ್ದೆ. ಈಗ ದೀಪಾವಳಿ ಕಳೆದಿದೆ. ಈ ನಡುವೆ ಆ ಹಾಳೆಗಳಲ್ಲಿ ಎರಡು ಹಾಲಿನವನಿಗೆ ಬರೆದ ಚೀಟಿಗಳಾದವು, ಒಂದು ಅಲುಗಾಡುವ ಮಂಚದ ಕಾಲಡಿ ಮಡಚಿಕೊಂಡು ಕೂತಿದೆ. ಪೆನ್ನಿನಲ್ಲಿ ಇಂಕಿಲ್ಲ, ಕನ್ನಡಕ ಸಿಕ್ಕುತ್ತಿಲ್ಲ, ಇವತ್ತು ಅಮಾವಾಸ್ಯೆ ಎಂದು ನನಗೆ ನಾನೇ ಹೇಳಿಕೊಂಡ ನೆಪಗಳನ್ನು ಬರೆದಿಟ್ಟಿದ್ದರೆ ಅದೇ ಒಂದು ಪ್ರಬಂಧವಾಗುತ್ತಿತ್ತು. ನಿಜ ಹೇಳಿಬಿಡುತ್ತೇನೆ. ನಾನು ಒಬ್ಬರಿಗೆ ತಪ್ಪಾಯಿತು ಎನ್ನಬೇಕಾಗಿತ್ತು. ನಲವತ್ತು ವರ್ಷ ಅನ್ನಲಿಲ್ಲ. ಕೊನೆಗೆ ನನ್ನನ್ನು ಹಿಡಿದು ಕೂರಿಸಿದ್ದು ಹೆಬ್ಬೆರಳ ಗೆಣ್ಣಿನಷ್ಟು ಎತ್ತರದ ಪ್ಲಾಸ್ಟಿಕ್ ಸಿಪಾಯಿಗಳು.

ನಾನು ನಂಜನಗೂಡಿನಲ್ಲಿ ಬೋರ್ಡು ಬರೆಯುತ್ತಿದ್ದವನು. ಓದಿದ್ದು ಹೈಸ್ಕೂಲು. ಆದರೆ ನನ್ನಷ್ಟು ಅಕ್ಷರ ಬರೆದ ಎಂ.ಎ. ಪಾಸಾದವರೂ ಈ ತಾಲ್ಲೂಕಿನಲ್ಲಿ ಇರಲಾರರು. ಜವಳಿ ಅಂಗಡಿ, ಹಿಟ್ಟಿನ ಗಿರಣಿ, ಲಾರಿಯ ಹಣೆ, ಸ್ಕೂಲಿನ ಗೋಡೆಯ ಸುಭಾಷಿತ, ಎಲ್ಲ ನನ್ನ ಕೈಯದೇ. ಬರೆದು ಮುಗಿದ ಮೇಲೆ ಕೆಳಗೆ ಬಲಮೂಲೆಯಲ್ಲಿ ‘ರಾಚಪ್ಪ ಆರ್ಟ್ಸ್’ ಎಂದು ಸಹಿ ಹಾಕುವುದು ನನ್ನ ಚಟ. ಒಂದು ಸಲ ‘ಇಲ್ಲಿ ಮೂತ್ರ ಮಾಡಬಾರದು’ ಎಂದು ಬರೆದ ಗೋಡೆಗೂ ಸಹಿ ಹಾಕಿಬಿಟ್ಟೆ. ಜನ ಬಹಳ ದಿನ ಅದನ್ನು ನನ್ನ ಸ್ವಂತ ಅಭಿಪ್ರಾಯ ಎಂದೇ ತಿಳಿದಿದ್ದರು. ಆಮೇಲೆ ಫ್ಲೆಕ್ಸ್ ಬಂತು. ನನ್ನ ಬ್ರಷ್ಷುಗಳು ಅಟ್ಟ ಹತ್ತಿದವು.

ಅಟ್ಟದಿಂದ ಅವನ್ನು ಇಳಿಸಿದವನು ನಮ್ಮ ಅಳಿಯ. ಮಗಳು ಸುಧಳನ್ನು ಟಿ. ನರಸೀಪುರಕ್ಕೆ ಕೊಟ್ಟಿದ್ದೇವೆ. ಅಳಿಯ ಮಹದೇವಸ್ವಾಮಿ ಅಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದಾನೆ. ವಾರವೆಲ್ಲ ಜನರ ಕೆಮ್ಮು ನೆಗಡಿ ವಾಸಿ ಮಾಡಿ, ಭಾನುವಾರ ಮಾತ್ರ ಗೆಳೆಯರನ್ನು ಕರೆದು ಯುದ್ಧ ಮಾಡುತ್ತಾನೆ. ಊಟದ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಥರ್ಮಕೋಲಿನ ಗುಡ್ಡ ಇಟ್ಟು, ಆ ಕಡೆ ಐವತ್ತು ಈ ಕಡೆ ಐವತ್ತು ಪುಟ್ಟ ಸಿಪಾಯಿಗಳನ್ನು ನಿಲ್ಲಿಸುತ್ತಾರೆ. ದಾಳ ಎಸೆಯುತ್ತಾರೆ, ಟೇಪು ಹಿಡಿದು ಅಳೆಯುತ್ತಾರೆ, ಅರ್ಧ ಇಂಚಿಗೆ ಅರ್ಧ ಗಂಟೆ ಜಗಳ ಕಾಯುತ್ತಾರೆ. ನಾನು ಮೊದಲ ಸಲ ನೋಡಿದಾಗ ಯಾವುದೋ ಸೈಟಿನ ಸರ್ವೆ ನಡೆಯುತ್ತಿದೆ ಅಂದುಕೊಂಡೆ. ಆಮೇಲೆ ತಿಳಿಯಿತು, ನಮ್ಮ ಚೌಕಾಬಾರಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಅಲ್ಲಿ ಹುಣಸೆಬೀಜಕ್ಕೆ ಯಾರೂ ಅಂಗಿ ತೊಡಿಸುವುದಿಲ್ಲ, ಇಲ್ಲಿ ತೊಡಿಸಬೇಕು. ಬಣ್ಣ ಬಳಿಯದ ಸೈನ್ಯವನ್ನು ಮೇಜಿಗೆ ಇಳಿಸುವುದು ಅವರಲ್ಲಿ ಮರ್ಯಾದೆಯಲ್ಲವಂತೆ.

“ಮಾವ, ನೀವು ಅಷ್ಟಷ್ಟ್ ದೊಡ್ಡ ಬೋರ್ಡು ಬರ್ದೋರು. ಇವು ನಿಮ್ಗೆ ಯಾವ್ ಲೆಕ್ಕ?” ಎಂದು ಐವತ್ತು ಬೂದಿಬಣ್ಣದ ಸಿಪಾಯಿಗಳನ್ನು ಸ್ವೀಟ್ ಬಾಕ್ಸಿಗೆ ತುಂಬಿ ಕೊಟ್ಟ.

ಆನೆಗೆ ಸ್ನಾನ ಮಾಡಿಸಿದವನಿಗೆ ಇರುವೆಗೆ ಸ್ನಾನ ಮಾಡಿಸು ಎಂದಂತಾಯಿತು. ಬೋರ್ಡಿನ ಕೆಲಸದಲ್ಲಿ ಉಳಿದಿದ್ದ ಎನಾಮಲ್ ಬಣ್ಣವನ್ನೇ ಬಳಿದೆ. ಬೆಳಗ್ಗೆ ಎದ್ದು ನೋಡಿದರೆ ಮೊದಲ ಮೂವರಿಗೆ ಮೂಗು, ಬಾಯಿ, ಗಡ್ಡ ಏನೂ ಉಳಿದಿಲ್ಲ. ಬಣ್ಣದ ಕೆಳಗೆ ಎಲ್ಲ ಮುಚ್ಚಿಹೋಗಿ ಮೂರು ಉರುಟು ಕಡಲೆಕಾಯಿಗಳು ಕತ್ತಿ ಹಿಡಿದು ನಿಂತಿದ್ದವು. ಅಲ್ಲಿಂದ ಬುದ್ಧಿ ಕಲಿತೆ. ನೀರಿನಲ್ಲಿ ಕದಡುವ ಬಣ್ಣ ತಂದೆ. ಹಾಲಿನಂತೆ ತೆಳುವಾಗಿ ಒಂದು ಕೈ, ಒಣಗಿದ ಮೇಲೆ ಇನ್ನೊಂದು ಕೈ. ಸಿಪಾಯಿಯನ್ನು ಹಲ್ಲುಪುಡಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಕೊಂಡರೆ ಬೆರಳಿಗೆ ಬಣ್ಣವಾಗದೆ ತಿರುಗಿಸಬಹುದೆಂದು ಕಂಡುಕೊಂಡೆ. ಬ್ರಷ್ ಅದ್ದುವ ಲೋಟದ ನೀರನ್ನು ಕಾಫಿಯೆಂದು ಎರಡು ಸಲ ಕುಡಿದೆ. ಎರಡನೆಯ ಸಲ ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಒಂದು ತಿಂಗಳಲ್ಲಿ ಐವತ್ತು ಜನಕ್ಕೂ ಕೆಂಪು ಅಂಗಿ, ಕಪ್ಪು ಬೂಟು, ಸೊಂಟಕ್ಕೆ ಪಟ್ಟಿ ಸಿದ್ಧವಾಯಿತು. ಉಳಿದದ್ದು ಕಣ್ಣು. ಗಸಗಸೆ ಕಾಳಿನ ಕಾಲುಭಾಗ ಇರುವ ಜಾಗದಲ್ಲಿ ಬಿಳಿ ಇಡಬೇಕು, ಆ ಬಿಳಿಯೊಳಗೆ ಕಪ್ಪು ಇಡಬೇಕು. ಉಸಿರು ಬಿಗಿಹಿಡಿದು ಆರು ಜನಕ್ಕೆ ಕಣ್ಣಿಟ್ಟೆ. ಆರು ಜನವೂ ಆರು ದಿಕ್ಕು ನೋಡಿದರು.

ನಮ್ಮ ಮನೆಯವಳು ಸೊಪ್ಪು ಬಿಡಿಸುತ್ತ ಬಂದು ಬಗ್ಗಿ ನೋಡಿದಳು. “ಏನ್ರೀ ಇದು, ಎಲ್ಲಾರ್ಗೂ ಮೆಳ್ಳಗಣ್ಣು? ಇವ್ನ್ಯಾಕ್ ಇಂಗ್ ನೋಡ್ತಾವ್ನೆ, ಬಸ್ ತಪ್ಪೋದೋನಂಗೆ?” ಎಂದವಳು ಸೊಪ್ಪಿನ ಕಡ್ಡಿ ಎತ್ತಿಕೊಂಡು ಒಳಗೆ ಹೋದಳು. ಅಷ್ಟೇ. ನಾನು ಬ್ರಷ್ ಕೆಳಗಿಟ್ಟೆ. ಯಾಕೆಂದರೆ ಕಣ್ಣಿನ ವಿಷಯ ನಮ್ಮ ಮನೆಯಲ್ಲಿ ನಲವತ್ತು ವರ್ಷದಿಂದ ಯಾರೂ ಎತ್ತಿದ್ದಿಲ್ಲ.

ಅವಳ ತವರು ಕಳಲೆ. ಅವರಪ್ಪ ಹಬ್ಬಕ್ಕೆ ಗೌರಿ ಗಣೇಶ ಮಾಡುತ್ತಿದ್ದರು. ಆ ಮನೆಯಲ್ಲಿ ಒಂದು ಪದ್ಧತಿ. ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ಬರೆಯಬೇಕು. ಬರೆದ ಕೂಡಲೇ ಆ ಮೂರ್ತಿಯ ಮುಂದೆ ಒಂದು ಚೂರು ಬೆಲ್ಲ ಹಿಡಿಯಬೇಕು. ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಸಿಹಿಯಾಗಿದ್ದರೆ ಕೊನೆಯವರೆಗೂ ಸಿಹಿಯಾಗಿಯೇ ನೋಡುತ್ತದೆ ಎಂದು ಅವರ ನಂಬಿಕೆ. ಕಣ್ಣು ಬರೆಯುವ ಕೆಲಸ ಹತ್ತನೆಯ ವಯಸ್ಸಿನಿಂದಲೂ ಇವಳದೇ.

ನನಗೋ ಅಕ್ಷರ ಬರುತ್ತಿತ್ತೇ ಹೊರತು ಮುಖ ಬರುತ್ತಿರಲಿಲ್ಲ. ಮದುವೆಯಾದ ಮೇಲೆ ದೇವರು, ಹಸು, ಹೆಣ್ಣುಮುಖ ಯಾವುದೇ ಬರಲಿ, ಮಿಕ್ಕದ್ದನ್ನು ನಾನು ಬರೆದು ಹಲಗೆಯನ್ನು ಮನೆಗೆ ತರುತ್ತಿದ್ದೆ. ಇವಳು ಅಡುಗೆಮನೆಯ ಬಾಗಿಲಲ್ಲಿ ಕೂತು ಕಣ್ಣು ಬರೆದುಕೊಡುತ್ತಿದ್ದಳು. ಬಲಮೂಲೆಯಲ್ಲಿ ನಾನು ‘ರಾಚಪ್ಪ ಆರ್ಟ್ಸ್’ ಎಂದು ಬರೆಯುತ್ತಿದ್ದೆ.

ಹೀಗಿರುವಾಗ ಪೇಟೆಯ ಒಂದು ಜವಳಿ ಅಂಗಡಿಗೆ ಆಳೆತ್ತರದ ಬೋರ್ಡು ಬರೆದೆ. ಸೀರೆಯುಟ್ಟ ಹೆಂಗಸು. ನೀವು ಎಲ್ಲಿ ನಿಂತರೂ ಅವಳು ನಿಮ್ಮನ್ನೇ ನೋಡುತ್ತಿದ್ದಳು. ಸೀರೆ ಬೇಡದ ಗಂಡಸರೂ ನಿಂತು ನೋಡುತ್ತಿದ್ದರು. ಅಂಗಡಿ ತೆರೆದ ದಿನ ಸಾಹುಕಾರರು ನನಗೆ ಶಾಲು ಹೊದಿಸಿ, “ರಾಚಪ್ಪ, ಏನ್ ಕಣ್ಣಯ್ಯಾ ಇದು! ನಿಮ್ಮನೆಯವ್ರೂ ಬರೀತಾರಂತಲ್ಲಾ?” ಅಂದರು. ಹೆಂಗಸರ ಸಾಲಿನಲ್ಲಿ ಇವಳು ಸುಧಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ನಾನು ಅವಳನ್ನು ನೋಡಿದೆ. ನೋಡಿಯೂ ಅಂದೆ, “ಅಯ್ಯೋ, ಅವ್ಳು ಬ್ರಷ್ ತೊಳೀತಾಳೆ ಸಾ, ಅಷ್ಟೆಯ.” ಎಲ್ಲರೂ ನಕ್ಕರು. ಇವಳೂ ನಕ್ಕಳು. ಆ ನಗುವನ್ನು ನಾನು ಬಹಳ ವರ್ಷ ಸಾಕ್ಷಿಯಾಗಿ ಇಟ್ಟುಕೊಂಡಿದ್ದೆ. ಅವಳೇ ನಕ್ಕಳಲ್ಲ, ಮತ್ತೆ ನನ್ನದೇನು ತಪ್ಪು ಎಂದು.

ಮರುವಾರ ಒಂದು ಹಸುವಿನ ಬೋರ್ಡು ತಂದು ಅವಳ ಮುಂದಿಟ್ಟೆ. “ಬ್ರಷ್ ತೊಳ್ಯೋಳು ಕಣ್ ಬರ್ದಾಳಾ?” ಎಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಉಪ್ಪು ಮುಗಿದಿದೆ ಎನ್ನುವ ಹಾಗೆ ಹೇಳಿದಳು. ಅಂದಿನಿಂದ ಒಂದು ಕಣ್ಣನ್ನೂ ಬರೆಯಲಿಲ್ಲ. ಆದರೆ ದಿನಾ ಸಂಜೆ ನಾನು ಮನೆಗೆ ಬಂದ ಕೂಡಲೇ ಬ್ರಷ್ಷುಗಳನ್ನು ಕೈಯಿಂದ ತೆಗೆದುಕೊಂಡು ಸೀಮೆಎಣ್ಣೆಯಲ್ಲಿ ಅದ್ದಿ, ಸೋಪು ಹಾಕಿ, ಒಂದೊಂದು ಕೂದಲನ್ನೂ ನೇರ ಮಾಡಿ ತೊಳೆದಿಡುತ್ತಿದ್ದಳು. ಅಂಥ ಚೊಕ್ಕಟ ಬ್ರಷ್ಷುಗಳು ಮೈಸೂರು ಜಿಲ್ಲೆಯಲ್ಲಿ ಯಾವ ಪೇಂಟರಿಗೂ ಇರಲಿಲ್ಲ. ಅವನ್ನು ಮುಟ್ಟಿದರೆ ನನಗೆ ಕೈ ಸುಡುತ್ತಿತ್ತು. ನಾನು ಮುಖದ ಕೆಲಸ ಬಿಟ್ಟೆ. ಕೇಳಿದವರಿಗೆ, “ಅಕ್ಷರ ಬರೆಯೋದೇ ನಿಜವಾದ ಕಲೆ” ಎಂದು ತತ್ವ ಹೇಳಿದೆ. ಮನುಷ್ಯ ತನ್ನ ತಪ್ಪನ್ನು ಮುಚ್ಚುವುದಕ್ಕೆ ಬಳಿಯುವ ಬಣ್ಣಗಳಲ್ಲಿ ತತ್ವವೇ ಎಲ್ಲಕ್ಕಿಂತ ಗಟ್ಟಿ. ಎನಾಮಲ್ ಕೂಡ ಅದರ ಮುಂದೆ ಏನಲ್ಲ.

ಈಗ ಆರು ಮೆಳ್ಳಗಣ್ಣರನ್ನು ಬಿಟ್ಟು ಮಿಕ್ಕ ಸಿಪಾಯಿಗಳು ಕುರುಡಾಗಿ ನಿಂತಿದ್ದರು. ಅಳಿಯ ಫೋನು ಮಾಡಿ, “ಮಾವ, ಈ ಭಾನ್ವಾರ ಮೈಸೂರಿಂದ ಆಟಕ್ಕೆ ಬತ್ತಾವ್ರೆ. ಕೈಬಿಟ್ಬುಡ್ಬೇಡಿ” ಅಂದ. ನಾನು ಏನು ಮಾಡಿದೆ ಗೊತ್ತೇ? ಅವಳನ್ನು ಕೇಳುವ ಧೈರ್ಯವಿಲ್ಲದೆ ಸೇನಾಪತಿಯನ್ನು ಅಡುಗೆಮನೆಯ ಗೂಡಿನಲ್ಲಿ ಅವಳ ಮುಖಕ್ಕೆ ಎದುರಾಗಿ ನಿಲ್ಲಿಸಿ ಬಂದೆ.

“ಇವ್ನ ಯಾಕಿಲ್ಲಿ ನಿಲ್ಸಿದ್ದೀರಿ? ಸಾಸ್ವೆ ಡಬ್ಬಿ ಕಾಯಾಕಾ?”

“ಕಣ್ಣು…” ಎಂದೆ ನಾನು.

ಅವಳು ಒಗ್ಗರಣೆ ಸೌಟನ್ನು ಕೆಳಗಿಟ್ಟಳು. “ಬ್ರಷ್ ತೊಳ್ಯೋಳ್ನ ಕೇಳ್ತಿದ್ದೀರಾ?”

ನಲವತ್ತು ವರ್ಷ ಕಾದಿದ್ದ ಮಾತು. ತಪ್ಪಾಯಿತು ಎನ್ನುವುದಕ್ಕೆ ಇದಕ್ಕಿಂತ ಅಗಲವಾದ ಬಾಗಿಲು ಯಾರಿಗೂ ಸಿಕ್ಕುವುದಿಲ್ಲ. ನಾನು ಬಾಯಿ ತೆರೆದೆ. ಹೊರಬಂದದ್ದು, “ಕಾಫಿ ಕಾಸ್ಲಾ?”

ಜನ್ಮದಲ್ಲಿ ಮೊದಲ ಸಲ ಕಾಫಿ ಕಾಸಿದೆ. ಅವಳು ಒಂದು ಗುಟುಕು ಕುಡಿದು, “ನಿಮ್ ಬ್ರಷ್ ನೀರೇ ವಾಸಿ” ಎಂದಳು. ಆಮೇಲೆ ಸೆರಗಿನಲ್ಲಿ ಕೈ ಒರಸಿಕೊಂಡು, ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಮುರಿದು, ತುದಿಯನ್ನು ಹಲ್ಲಿನಿಂದ ಚೂಪು ಮಾಡಿಕೊಂಡು ಬೆಳಕಿಗೆ ಬಂದು ಕೂತಳು.

ನಾನು ಬಿಳಿಯೊಳಗೆ ಕಪ್ಪು ಇಡಲು ಹೋಗಿದ್ದೆನಲ್ಲ, ಅವಳು ತಿರುಗುಮುರುಗು ಮಾಡಿದಳು. ಮೊದಲು ಕಣ್ಣಿನ ಗುಳಿಗೆ ಪೂರಾ ಕಪ್ಪು. ಅದು ಒಣಗಿದ ಮೇಲೆ ಆ ಕಡೆಗೊಂದು ಈ ಕಡೆಗೊಂದು ಬಿಳಿಯ ಚುಕ್ಕೆ. “ಕಣ್ಣ ಬರ್ಯಾಕ್ ಓಗ್ಬಾರ್ದು ಕಣ್ರೀ. ಅದ್ರ ಅಕ್ಕಪಕ್ಕ ಬರೀಬೇಕು. ಕಣ್ಣು ತಾನೇ ಉಳ್ಕತದೆ.” ಸಿಪಾಯಿ ನಮ್ಮಿಬ್ಬರನ್ನೂ ನೋಡಿದ. ಅವಳು ತಕ್ಷಣ ಒಂದು ಬೆಲ್ಲದ ಚೂರನ್ನು ಅವನ ಮುಖದ ಮುಂದೆ ಹಿಡಿದಳು.

“ಯುದ್ಧಕ್ಕೆ ಹೋಗೋನ್ಗೆ ಬೆಲ್ಲ ಯಾತಕ್ಕೆ?” ಎಂದೆ.

“ಯುದ್ಧಕ್ ಓಗೋನ್ಗೇ ಬೇಕಾಗಿರಾದು.”

ಐವತ್ತು ಜನಕ್ಕೂ ಬೆಲ್ಲ ತೋರಿಸಿದಳು. ನನ್ನ ಆರು ಮೆಳ್ಳಗಣ್ಣರನ್ನೂ ತಿದ್ದಿದಳು. ಮೂಗಿಲ್ಲದ ಮೂವರಿಗೂ ಕಣ್ಣು ಕೊಟ್ಟಳು. ಕಡಲೆಕಾಯಿಗಳು ಕೂಡ ಮನುಷ್ಯರಾದವು. ಕೊನೆಗೆ ನಾನು ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳು ಬಳಸಿದ ಬಣ್ಣದ ಬಟ್ಟಲುಗಳನ್ನು ತೊಳೆದಿಟ್ಟೆ. ಅದೇ ಕ್ಷಮೆ ಎಂದು ಅವಳು ತಿಳಿದುಕೊಳ್ಳಲಿ ಎಂಬ ಜಾಣತನ. ಅವಳು ಬಟ್ಟಲನ್ನು ಎತ್ತಿ ನೋಡಿ, “ತಳದಲ್ಲಿ ಬಣ್ಣ ಅಂಗೇ ಅದೆ” ಎಂದು ಮತ್ತೆ ತೊಳೆದಳು.

ಭಾನುವಾರ ಬಸ್ಸು ಹತ್ತಿ ಇಬ್ಬರೂ ನರಸೀಪುರಕ್ಕೆ ಹೋದೆವು. ಸೈನ್ಯ ಅವಳ ತೊಡೆಯ ಮೇಲೆ ಸ್ವೀಟ್ ಬಾಕ್ಸಿನಲ್ಲಿತ್ತು. ಆಟ ನೋಡಬೇಕಿತ್ತು ನೀವು. ನಮ್ಮವರು ಇಂಚು ಮುಂದೆ ಹೋದರೆ ದಾಳದಲ್ಲಿ ಒಂದು ಬೀಳುತ್ತಿತ್ತು. ಬಾಣ ಬಿಟ್ಟರೆ ಎರಡು. ಊಟದ ಹೊತ್ತಿಗೆ ಇಡೀ ಸೈನ್ಯ ಮಲಗಿತ್ತು. “ಬೆಲ್ಲ ನೋಡಿದ್ ಸೈನ್ಯ ಮಾವ, ವಡ್ಯಾಕೇ ಒಲ್ವು ಇವು!” ಎಂದು ಬೆಲ್ಲದ ಸಂಗತಿಯನ್ನು ಸುಧಳಿಂದ ಕೇಳಿದ್ದ ಅಳಿಯ ತಲೆ ಮೇಲೆ ಕೈ ಹೊತ್ತ.

ಗೆದ್ದ ಮೈಸೂರಿನ ಹುಡುಗಿ, ಯಾವುದೋ ಕಾಲೇಜಿನಲ್ಲಿ ಮೇಡಮ್ಮಂತೆ, ಸತ್ತ ನಮ್ಮ ಸೇನಾಪತಿಯನ್ನು ಎತ್ತಿ ಮೊಬೈಲಿನ ಬೆಳಕಿನಲ್ಲಿ ನೋಡಿದಳು. “ಅಂಕಲ್, ಈ ಕಣ್ಣು ಯಾರು ಮಾಡಿದ್ದು?”

ಅದೇ ಪ್ರಶ್ನೆ. ಇವಳು ಬಾಗಿಲಲ್ಲಿ ಬೋಂಡದ ತಟ್ಟೆ ಹಿಡಿದು ನಿಂತಿದ್ದಳು. ಸುಧಳೂ ಪಕ್ಕದಲ್ಲಿದ್ದಳು, ಸೊಂಟದ ಮೇಲಿರಲಿಲ್ಲ ಅಷ್ಟೇ. ನಾನು ಅಂದೆ, “ಇವಳು. ನಮ್ಮನೆಯವಳು. ಅವತ್ತಿನವೂ ಇವಳವೇ.”

ಅವತ್ತು ಯಾವತ್ತು ಎಂದು ಯಾರಿಗೂ ತಿಳಿಯಲಿಲ್ಲ, ಒಬ್ಬಳಿಗೆ ಬಿಟ್ಟು. ಹುಡುಗಿ, “ಆಂಟಿ ಹೆಸರೇನು? ನಮ್ಮ ಕಡೆ ಬಣ್ಣ ಹಾಕಿದವರ ಹೆಸರು ಬೊಂಬೆಯ ತಳದಲ್ಲಿ ಬರೀತೀವಿ” ಎಂದು ಸಣ್ಣ ಮೊನೆಯ ಪೆನ್ನು ಕೊಟ್ಟಳು.

ಸಿಕ್ಕಿಬಿದ್ದೆ. ನಮ್ಮವರಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಗಂಡನೂ ಅಷ್ಟೇ, ‘ಇವಳೇ’ ಎಂದು ಶುರುಮಾಡಿ ಮಗುವಾದ ಮೇಲೆ ‘ಸುಧನವ್ವ’ ಎಂದು ಮುಗಿಸುತ್ತಾನೆ. ಅವಳ ಹೆಸರು ನನ್ನ ನಾಲಿಗೆಯ ಮೇಲೆ ಒಂದು ದಿನವೂ ಕೂತದ್ದಲ್ಲ. ಅಲ್ಲೇ ಹತ್ತಿರದ ಸೋಮನಾಥಪುರದಲ್ಲಿ ದೇವರ ಮೂರ್ತಿಗಳ ಕೆಳಗೆ ಕೆತ್ತಿದವರ ಹೆಸರುಗಳಿವೆ. ಒಂದು ಸಲ ಹೋದಾಗ, “ನೋಡು, ನನ್ನಂಗೇ ಸಹಿ ಹಾಕವ್ರೆ” ಎಂದು ನಾನು ಇವಳಿಗೆ ಜಂಬ ಕೊಚ್ಚಿದ್ದೆ. “ಅವ್ರು ಕಣ್ಣೂ ತಾವೇ ಕೆತ್ತಿರ್ಬೇಕು” ಎಂದಿದ್ದಳು ಇವಳು. ನಾನು ಕೇಳಿಸದವನಂತೆ ಗುಡಿಯ ಗೋಡೆಯ ಮೇಲಿನ ಆನೆ ಎಣಿಸಿದ್ದೆ.

ಬಾಯಿಗೆ ಬಾರದ್ದು ಕೈಗೆ ಬಂತು. ನಾಣ್ಯದಷ್ಟಗಲದ ತಳ. ಐದು ಅಕ್ಷರ, ಎರಡು ಒತ್ತು, ಒಂದು ಸೊನ್ನೆ. ನನ್ನ ಜೀವಮಾನದಲ್ಲಿ ಅಷ್ಟು ಸಣ್ಣ ಬೋರ್ಡು ಬರೆದಿರಲಿಲ್ಲ. ಇವಳು ಬಂದು, ಕನ್ನಡಕ ಹಾಕಿಕೊಂಡು, ಸೇನಾಪತಿಯನ್ನು ತಲೆಕೆಳಗು ಮಾಡಿ ಓದಿದಳು. ಬಹಳ ಹೊತ್ತು ಓದಿದಳು, ಐದೇ ಅಕ್ಷರವನ್ನು. “ಸೊನ್ನೆ ವಾರೆ ಆಗದೆ” ಎಂದಳು. ಆಮೇಲೆ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಬೋಂಡ ಹಾಕಿದಳು.

ಆದರೂ ತಪ್ಪಾಯಿತು ಎಂದು ನಾನು ಇನ್ನೂ ಹೇಳಿಲ್ಲ. ಅದನ್ನು ಅಕ್ಕಪಕ್ಕವೇ ಬರೆಯುತ್ತ ಬಂದಿದ್ದೇನೆ, ಕಾಫಿ ಎಂದು, ತೊಳೆದ ಬಟ್ಟಲು ಎಂದು, ತಾನೇ ಉಳಿದುಕೊಳ್ಳಲಿ ಎಂದು. ಕಣ್ಣಿಗೆ ಸರಿಹೋಗುವ ಉಪಾಯ ಎಲ್ಲಕ್ಕೂ ಸರಿಹೋಗುವುದಿಲ್ಲ. ಇದನ್ನು ಕಳಿಸುತ್ತಿರುವ ಪತ್ರಿಕೆ ನಮ್ಮ ಮನೆಗೂ ಬರುತ್ತದೆ. ಅದನ್ನು ನನಗಿಂತ ಮೊದಲು ಓದುವವಳು ಅವಳೇ, ಸೊನ್ನೆ ವಾರೆಯಾಗಿದೆಯೇ ಎಂದು ನೋಡುತ್ತ ಓದುತ್ತಾಳೆ. ಆದ್ದರಿಂದ ಇಲ್ಲಿ ನೇರವಾಗಿ ಬರೆದಿದ್ದೇನೆ: ತಪ್ಪಾಯಿತು. ಕೆಳಗೆ ಬಲಮೂಲೆಯಲ್ಲಿ ನನ್ನ ಸಹಿಗೆಂದು ಚಟದಿಂದ ಜಾಗ ಬಿಟ್ಟಿದ್ದೆ. ಆ ಜಾಗ ಮೊದಲಿನಿಂದಲೂ ನನ್ನದಾಗಿರಲಿಲ್ಲ.

ಕಣ್ಣು ಬರೆದವರು: ಚಿಕ್ಕನಂಜಮ್ಮ, ಕಳಲೆ.